ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? ನನ್ನ ಅಂಕ ಯಾಕೆ ಹೋಯಿತು?

ಸಪ್ತಾಪುರ ರೂಮ್ 6
ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ಕಡೆಯವನು. ಎರಡು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಡಿಓ, ಎಫ್‌ಡಿಎ ಅಂತ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೇನೆ. ಭಾನುವಾರ ಕೋಚಿಂಗ್‌ನಲ್ಲಿ ಮಾಕ್ ಟೆಸ್ಟ್ ಇತ್ತು. ಒಂದು ಪ್ರಶ್ನೆ: ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? ಆಯ್ಕೆಗಳು ಕೆ.ಸಿ. ರೆಡ್ಡಿ, ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ, ದೇವರಾಜ ಅರಸು. ನಾನು ನಿಜಲಿಂಗಪ್ಪ ಅಂತ ಗುಂಡಿ ತುಂಬಿದೆ. ಉತ್ತರ ಕೆ.ಸಿ. ರೆಡ್ಡಿಯಂತೆ. ನೆಗೆಟಿವ್ ಮಾರ್ಕ್ ಬೇರೆ ಬಿತ್ತು. ಸರ್ ಹತ್ತಿರ ಹೋಗಿ, "ಸರ್, ರೆಡ್ಡಿಯವರು ಮುಖ್ಯಮಂತ್ರಿ ಆದಾಗ ಬ್ಯಾಡಗಿ ಅವರ ಕೈಯಲ್ಲೇ ಇರಲಿಲ್ಲವಲ್ಲ?" ಅಂದೆ. "ಪುಸ್ತಕದ ಹಿಂದೆ ಪಟ್ಟಿ ಇದೆ, ಅದನ್ನು ಬಾಯಿಪಾಠ ಮಾಡು, ಜಾಸ್ತಿ ತಲೆ ಓಡಿಸಬೇಡ" ಅಂದರು. ತಲೆ ಓಡಿಸದೆ ಇರೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. 1947ರಲ್ಲಿ ರೆಡ್ಡಿಯವರು ಮೈಸೂರಿನ ಮುಖ್ಯಮಂತ್ರಿ ಆಗಿದ್ದಾಗ ನಮ್ಮ ಧಾರವಾಡ ಜಿಲ್ಲೆಗೆ ಯಾರು ಮುಖ್ಯಮಂತ್ರಿ?

ದುರ್ಗದಬೈಲ್ ಗಿರಮಿಟ್
ತಮ್ಮಾ, ನಿನ್ನ ಸರ್ ಹೇಳಿದ್ದೂ ತಪ್ಪು, ನೀನು ಬರೆದದ್ದೂ ತಪ್ಪು 😄 ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದೇ 1973ರ ನವೆಂಬರ್ 1ಕ್ಕೆ. ಅವತ್ತು ಕುರ್ಚಿಯಲ್ಲಿ ಇದ್ದವರು ದೇವರಾಜ ಅರಸು. ಅದಕ್ಕೆ ಮುಂಚೆ ಎಲ್ಲರೂ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. "ಕರ್ನಾಟಕದ" ಅಂತ ಕೇಳಿದ ಮೇಲೆ ಅರಸು ಅವರೇ ಉತ್ತರ. ಸುಮ್ನೆ ಒಂದು ಅರ್ಜಿ ಹಾಕು, ಎಲ್ಲರಿಗೂ ಗ್ರೇಸ್ ಮಾರ್ಕ್ ಸಿಗಲಿ.

ನಿವೃತ್ತ ಮಾಸ್ತರ, ಕಲಘಟಗಿ
ಗಿರಮಿಟ್ ಅವರ ಮಾತು ತಮಾಷೆಗೆ ಸರಿ, ಆದರೆ ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದನ್ನು ನಗೆಯಲ್ಲಿ ತೇಲಿಸುವುದು ಬೇಡ.

ನನ್ನ ತಂದೆ 1938ರಲ್ಲಿ ಮುಲ್ಕಿ ಪಾಸಾದವರು. ಮುಲ್ಕಿ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಏಳನೇ ಇಯತ್ತೆಯ ಪರೀಕ್ಷೆ. ಅದು ಪಾಸಾದರೆ ಕನ್ನಡ ಶಾಲೆಗೆ ಮಾಸ್ತರ ಆಗಬಹುದಿತ್ತು. ಆ ಸರ್ಟಿಫಿಕೇಟ್ ಈಗಲೂ ನಮ್ಮ ಟ್ರಂಕಿನಲ್ಲಿದೆ. ನಾಲ್ಕು ಮಡಿಕೆ ಮಾಡಿ ಇಟ್ಟು ಇಟ್ಟು ಮಡಿಕೆಯಲ್ಲೇ ಹರಿದಿದೆ, ಹಿಂದೆ ಅವ್ವ ಮೈದಾ ಅಂಟು ಹಚ್ಚಿ ಪತ್ರಿಕೆಯ ಚೂರು ಅಂಟಿಸಿದ್ದಾಳೆ. ಮೇಲೆ ಮೈಸೂರಿನ ಗಂಡಭೇರುಂಡ ಇಲ್ಲ. "ಮುಂಬೈ ಇಲಾಖೆ" ಅಂತ ಅಚ್ಚಾಗಿದೆ. ನಮ್ಮ ಸರಕಾರ ಮುಂಬೈಯಲ್ಲಿತ್ತು ಮಾರಾಯರೇ. ಆ ಕಾಗದ ಕೈಗೆ ಬಂದ ಹೊತ್ತಿನಲ್ಲಿ ನಮ್ಮ ಮುಖ್ಯಸ್ಥರು ಬಾಳಾಸಾಹೇಬ ಖೇರ. ಆಗ ಅವರನ್ನು ಮುಖ್ಯಮಂತ್ರಿ ಅಂತಲೂ ಕರೆಯುತ್ತಿರಲಿಲ್ಲ, ಪ್ರಾಂತದ ಪ್ರಧಾನಿ ಅಂತಿದ್ದರು.

ಸಪ್ತಾಪುರ ರೂಮ್ 6
ಪ್ರಧಾನಿ? ಮುಂಬೈಗೆ ಬೇರೆ ಪ್ರಧಾನಿ ಇದ್ದರಾ ಸರ್?

ನಿವೃತ್ತ ಮಾಸ್ತರ, ಕಲಘಟಗಿ
ಇದ್ದರು. 1935ರ ಕಾಯ್ದೆಯ ಪ್ರಕಾರ 1937ರಲ್ಲಿ ಪ್ರಾಂತಗಳಿಗೆ ಚುನಾವಣೆ ಆಯಿತು. ಮುಂಬೈ ವಿಧಾನಸಭೆಯಲ್ಲಿ 175 ಸ್ಥಾನ, ಕಾಂಗ್ರೆಸ್ಸಿಗೆ 86 ಬಂತು. ಅತಿ ದೊಡ್ಡ ಪಕ್ಷ ಅದೇ. ಆದರೆ ಗವರ್ನರ್ ಕೈಯಲ್ಲಿ ವಿಶೇಷ ಅಧಿಕಾರ ಇತ್ತು, ಅದನ್ನು ಹಿಡಿದುಕೊಂಡು ನಮ್ಮ ಕೆಲಸದಲ್ಲಿ ಕೈ ಹಾಕುವುದಿಲ್ಲ ಅಂತ ಮಾತು ಕೊಡದೆ ಸರಕಾರ ಮಾಡುವುದಿಲ್ಲ ಅಂತ ಕಾಂಗ್ರೆಸ್ಸು ಹಟ ಹಿಡಿಯಿತು. ಅಷ್ಟರೊಳಗೆ ಗವರ್ನರು ಧನಜಿಷಾ ಕೂಪರ್ ಅನ್ನುವ ಪಾರ್ಸಿ ಗೃಹಸ್ಥರನ್ನು ಕರೆದು ಕೂರಿಸಿದರು. ಸಾತಾರಾ ಕಡೆಯವರು. ಏಪ್ರಿಲ್ 1ರಿಂದ ಜುಲೈ 19ರ ತನಕ, ಅಷ್ಟೇ. ಬಹುಮತ ಇಲ್ಲದ ಸರಕಾರ. ಹಾಗಾಗಿ ಮತ ಹಾಕಿ ಆರಿಸಿದ ಸಭೆಯಿಂದ ಧಾರವಾಡಕ್ಕೆ ಬಂದ ಮೊದಲ ಪ್ರಧಾನಿ ಅಂದರೆ ಕೂಪರ್ ಸಾಹೇಬರು. ಅವರ ಹೆಸರು ನಮ್ಮ ಯಾವ ಶಾಲೆಯ ಪುಸ್ತಕದಲ್ಲೂ ನಾನು ನೋಡಿಲ್ಲ, ಮೂವತ್ತಾರು ವರ್ಷ ಪಾಠ ಮಾಡಿದ್ದೇನೆ.

ಆಮೇಲೆ ಖೇರ ಬಂದರು. 1939ರಲ್ಲಿ ಬ್ರಿಟಿಷರು ನಮ್ಮನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು ಅಂತ ಕಾಂಗ್ರೆಸ್ ಸರಕಾರಗಳೆಲ್ಲ ರಾಜೀನಾಮೆ ಕೊಟ್ಟವು, ಖೇರರೂ ಕೊಟ್ಟರು. ಅಲ್ಲಿಂದ 1946ರ ತನಕ ಗವರ್ನರ್ ಆಡಳಿತ. 1946ರ ಮಾರ್ಚ್ ಕೊನೆಗೆ ಮತ್ತೆ ಖೇರ, 1952ರ ಏಪ್ರಿಲ್ ತನಕ. ಆಮೇಲೆ ಮೊರಾರ್ಜಿ ದೇಸಾಯಿ, 1956ರ ಅಕ್ಟೋಬರ್ 31ರ ತನಕ.

ಹಾಗಾದರೆ ನಿನ್ನ ಪ್ರಶ್ನೆಗೆ ಉತ್ತರ: ರೆಡ್ಡಿಯವರು ಮೈಸೂರಿನಲ್ಲಿ ಕುಳಿತಾಗ ಬ್ಯಾಡಗಿಗೆ, ಅಂದರೆ ಧಾರವಾಡ ಜಿಲ್ಲೆಗೆ ಖೇರ.

ಮೈಸೂರಿನವ, ಈಗ ವಿದ್ಯಾನಗರ
ನಾನು ಮೈಸೂರಿನವನು, ಹುಬ್ಬಳ್ಳಿಗೆ ಬಂದು ಹನ್ನೊಂದು ವರ್ಷ ಆಯಿತು, ಈಗ ಮಿರ್ಚಿ ಭಜಿ ಇಲ್ಲದೆ ಸಂಜೆ ಆಗಲ್ಲ. ಆದರೂ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆ.ಸಿ. ರೆಡ್ಡಿ ಸುಮ್ನೆ ಪಟ್ಟಿಗೆ ಬಂದವರಲ್ಲ. ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರಕಾರ ಇರಲಿಲ್ಲ. ದಿವಾನರಾಗಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಇನ್ನೂ ಕೂತಿದ್ದರು. ಜನ "ಮೈಸೂರು ಚಲೋ" ಮಾಡಿ ಜೈಲು ತುಂಬಿದ ಮೇಲೆ, 1947ರ ಅಕ್ಟೋಬರ್ 25ಕ್ಕೆ ರೆಡ್ಡಿಯವರು ಬಂದರು. ಅದನ್ನು ಗಳಿಸಿಕೊಂಡದ್ದು. ವಿಧಾನಸೌಧ ಇರುವುದೂ ಅಲ್ಲೇ, ಕಡತ ಇರುವುದೂ ಅಲ್ಲೇ. ಈಗಿನ ರಾಜ್ಯವನ್ನು ಅದೇ ಮೈಸೂರು ರಾಜ್ಯದ ಮುಂದುವರಿಕೆ ಅಂತ ಎಣಿಸುತ್ತಾರೆ, ಆದ್ದರಿಂದ ಪಟ್ಟಿ ಅಲ್ಲಿಂದ ಶುರುವಾಗುತ್ತೆ. ಅದರಲ್ಲಿ ತಪ್ಪೇನು?

ನಿವೃತ್ತ ಮಾಸ್ತರ, ಕಲಘಟಗಿ
ತಪ್ಪು ಅಂತ ಯಾರು ಹೇಳಿದರು ಸ್ವಾಮಿ. ಪಟ್ಟಿ ಸರಿ ಇದೆ. ಅದು ಮೈಸೂರಿನ ಪಟ್ಟಿ ಅಂತ ಮೇಲೆ ಬರೆದಿಲ್ಲ, ಅಷ್ಟೇ ನನ್ನ ತಕರಾರು. ನಾವು ಅದನ್ನು ಓದುವಾಗ 1956ಕ್ಕಿಂತ ಹಿಂದಿನ ಮೂರು ಹೆಸರು ನಮ್ಮ ಹೊಲಕ್ಕೆ, ನಮ್ಮ ಶಾಲೆಗೆ ಸಂಬಂಧವಿಲ್ಲದ ಹೆಸರು.

1956ರ ಅಕ್ಟೋಬರ್ 31ರ ದಿನ ಒಮ್ಮೆ ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ಮಾರನೆಯ ದಿನ ಒಂದಾಗಬೇಕಾದ ನಾಡು ಅವತ್ತು ಐದು ಮುಖ್ಯಮಂತ್ರಿಗಳ ಕೈಯಲ್ಲಿತ್ತು. ಮೈಸೂರಿಗೆ ಕಡಿದಾಳ್ ಮಂಜಪ್ಪ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಕ್ಕೆ ಮೊರಾರ್ಜಿ. ಕಲಬುರ್ಗಿ, ಬೀದರ, ರಾಯಚೂರಿಗೆ ಹೈದರಾಬಾದಿನ ಬೂರ್ಗುಲ ರಾಮಕೃಷ್ಣರಾವ್. ಮಂಗಳೂರು, ಕೊಳ್ಳೇಗಾಲಕ್ಕೆ ಮದ್ರಾಸಿನ ಕಾಮರಾಜ್. ಇನ್ನು ಕೊಡಗು, ಪುಟ್ಟ ನಾಡು, 24 ಸ್ಥಾನದ ವಿಧಾನಸಭೆ, ಅದಕ್ಕೂ ತನ್ನದೇ ಮುಖ್ಯಮಂತ್ರಿ, ಸಿ.ಎಂ. ಪೂಣಚ್ಚ. ರಾತ್ರಿ ಕಳೆಯಿತು, ಬೆಳಗ್ಗೆ ಎಲ್ಲರಿಗೂ ಒಬ್ಬರೇ ನಿಜಲಿಂಗಪ್ಪ. ಹುಡುಗ ಆ ಗುಂಡಿ ತುಂಬಿದ್ದು ಇದಕ್ಕೇ ಇರಬೇಕು.

ಸಪ್ತಾಪುರ ರೂಮ್ 6
ಸರ್, ನಾನು ಇಷ್ಟೆಲ್ಲ ಯೋಚಿಸಿ ತುಂಬಲಿಲ್ಲ, ನಿಜಲಿಂಗಪ್ಪ ಅಂತ ನಮ್ಮಜ್ಜ ಹೇಳುತ್ತಿದ್ದರು ಅಂತ ತುಂಬಿದೆ. ಆದರೆ ಇನ್ಮುಂದೆ ಹೀಗೇ ಹೇಳಿಕೊಳ್ಳುತ್ತೇನೆ.

ಕುಂದಗೋಳದಾಕೆ
ಮಾಸ್ತರ್ರೇ, ಒಂದು ಸಣ್ಣ ತಿದ್ದುಪಡಿ. "ಧಾರವಾಡ ಜಿಲ್ಲೆಗೆ ಖೇರ" ಅಂದಿರಿ. ನಮ್ಮ ಕುಂದಗೋಳಕ್ಕೆ 1948ರ ತನಕ ಖೇರರೂ ಅಲ್ಲ! ನಾವು ಜಮಖಂಡಿ ಸಂಸ್ಥಾನದವರು. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ, ನಡುವೆ ಎಷ್ಟೊಂದು ಮುಂಬೈ ಸರಕಾರದ ಊರು, ಆದರೂ ನಮ್ಮ ಕಂದಾಯ ಪಟವರ್ಧನ ರಾಜರ ಖಜಾನೆಗೆ. ನನ್ನ ಅಜ್ಜಿ ಸಾಯುವ ತನಕ ಹುಬ್ಬಳ್ಳಿಗೆ ಹೋಗುವುದನ್ನು "ಇಂಗ್ರೇಜಿ ಹದ್ದಿಗೆ ಹೋಗಿ ಬಂದೆ" ಅನ್ನುತ್ತಿದ್ದಳು. ಇಲ್ಲಿಂದ ಹುಬ್ಬಳ್ಳಿ ಎಷ್ಟು ದೂರ ಹೇಳಿ, ಬಸ್ಸಿನಲ್ಲಿ ಒಂದು ನಿದ್ದೆಯೂ ಆಗಲ್ಲ.

ಈಗ ಮಜಾ ಕೇಳಿ. 1948ರ ಮಾರ್ಚ್ 8ಕ್ಕೆ ಜಮಖಂಡಿ ಮುಂಬೈಗೆ ಸೇರಿತಲ್ಲ, ಆ ಹೊತ್ತಿಗೆ ಸಂಸ್ಥಾನದ ದಿವಾನರು ಯಾರು ಗೊತ್ತಾ? ಬಿ.ಡಿ. ಜತ್ತಿ. ಅದೇ ಜತ್ತಿ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದರು. ಹಾಗಾಗಿ ಕುಂದಗೋಳದವರಿಗೆ ಜತ್ತಿಯವರು ಎರಡು ಸಲ ಸರಕಾರದ ಮುಖ್ಯಸ್ಥರು, ಹುಬ್ಬಳ್ಳಿಯವರಿಗೆ ಒಂದೇ ಸಲ. ಇದೊಂದು ವಿಷಯದಲ್ಲಾದರೂ ನಾವು ಹುಬ್ಬಳ್ಳಿಗಿಂತ ಮುಂದೆ 😌

ದುರ್ಗದಬೈಲ್ ಗಿರಮಿಟ್
ಅಕ್ಕಾ, ನೀವು ಸವಾಯಿ ಗಂಧರ್ವರ ಊರಿನವರು, ನೀವು ಯಾವಾಗಲೂ ಮುಂದೇ. ನಮ್ಮದು ಬರೀ ಟ್ರಾಫಿಕ್.

ನಿವೃತ್ತ ಮಾಸ್ತರ, ಕಲಘಟಗಿ
ತಂಗಿ, ಚೆನ್ನಾಗಿ ಹಿಡಿದೆ. ನನಗೆ ಹೊಳೆದಿರಲಿಲ್ಲ. ಈ ಲೆಕ್ಕ ಹಿಡಿದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ, ಹಾವೇರಿ ಜಿಲ್ಲೆಯ ಸವಣೂರು ನವಾಬರಿಗೆ. ಒಂದೇ ದಿನ ಎತ್ತಿನ ಗಾಡಿಯಲ್ಲಿ ಹೊರಟರೆ ಮೂರು ಸರಕಾರ ದಾಟಬಹುದಿತ್ತು.

ಜತ್ತಿಯವರ ಬಗ್ಗೆ ಇನ್ನೊಂದು ಮಾತು. ವಿಲೀನ ಆದ ಮೇಲೆ ಆ ಭಾಗದ ಪ್ರತಿನಿಧಿ ಅಂತ ಅವರನ್ನು ಮುಂಬೈ ವಿಧಾನಸಭೆಗೆ ನಾಮಕರಣ ಮಾಡಿದರು. ಒಂದು ವಾರದೊಳಗೆ ಖೇರರ ಪಾರ್ಲಿಮೆಂಟರಿ ಸೆಕ್ರೆಟರಿ. 1952ರ ನಂತರ ಮುಂಬೈಯಲ್ಲೇ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಆಮೇಲೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿ, ಕೊನೆಗೆ ಉಪರಾಷ್ಟ್ರಪತಿ. 1977ರಲ್ಲಿ ಐದು ತಿಂಗಳಿಗೂ ಮಿಕ್ಕಿ ಹಂಗಾಮಿ ರಾಷ್ಟ್ರಪತಿ. ಜಮಖಂಡಿ ಮುನಸಿಪಾಲಿಟಿಯಿಂದ ಶುರುಮಾಡಿದವರು ಇವರು! ಇಂಥ ಮೆಟ್ಟಿಲು ಹತ್ತಿದವರು ದೇಶದಲ್ಲೇ ಕಡಿಮೆ. ನಮ್ಮ ಮಕ್ಕಳಿಗೆ ಜತ್ತಿ ಅಂದರೆ ಒಂದು ಸಾಲಿನ ಉತ್ತರ.

ಗದಗ ಜಂಕ್ಷನ್
ಎಲ್ಲರೂ ನಮ್ಮೂರಿಗೆ ಇಷ್ಟು ಮುಖ್ಯಮಂತ್ರಿ, ಅಷ್ಟು ಮುಖ್ಯಮಂತ್ರಿ ಅಂತ ಎಣಿಸುತ್ತಿದ್ದೀರಿ. ಗದಗಿಗೆ ಸೊನ್ನೆ. ಹುಲಕೋಟಿ ಹುಲಿ ಕೆ.ಎಚ್. ಪಾಟೀಲರು ಪಕ್ಷದ ಅಧ್ಯಕ್ಷರಾಗಿ ಅರಸು ಅವರಂಥವರಿಗೇ ಎದುರು ನಿಂತವರು, ಆದರೂ ಕುರ್ಚಿ ಸಿಗಲಿಲ್ಲ.

ಆದರೆ ಏಕೀಕರಣದ ವಿಷಯ ಬಂದರೆ ಗದಗನ್ನು ಬಿಟ್ಟು ಮಾತಾಡೋಕೆ ಆಗಲ್ಲ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬೈ ಶಾಸನಸಭೆಯ ಸದಸ್ಯತ್ವವನ್ನೇ ಬಿಸಾಕಿ 1953ರಲ್ಲಿ ಉಪವಾಸ ಕೂತರು. ಅತ್ತ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರ ಉಪವಾಸ. ಆ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಎಂಥ ಗಲಾಟೆ ಆಯಿತು ಅಂತ ಹಿರಿಯರನ್ನು ಕೇಳಿ. ನಿಜಲಿಂಗಪ್ಪನವರು ಆಗ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಮುಖ್ಯಸ್ಥರು, ಜನರ ಸಿಟ್ಟೆಲ್ಲ ಕಾಂಗ್ರೆಸ್ ನಾಯಕರ ಮೇಲೇ ತಿರುಗಿತ್ತು. ಮೂರೂವರೆ ವರ್ಷದ ಮೇಲೆ ಅದೇ ನಿಜಲಿಂಗಪ್ಪ ಮೊದಲ ಮುಖ್ಯಮಂತ್ರಿ. ರಾಜಕೀಯ ಹೀಗೇ ನೋಡಿ. ಮೊರಾರ್ಜಿ ಸರಕಾರದ ಅಡಿಯಲ್ಲಿ ಇದ್ದುಕೊಂಡು ಅದರಿಂದಲೇ ಹೊರಗೆ ಬರಬೇಕು ಅಂತ ಹೊಡೆದಾಡಿದವರು ನಮ್ಮವರು.

ಮೈಸೂರಿನವ, ಈಗ ವಿದ್ಯಾನಗರ
ಇದನ್ನು ಒಪ್ಪುತ್ತೇನೆ. ನಮ್ಮ ಕಡೆಯ ದೊಡ್ಡ ಮಂದಿಗೆ ಆಗ ಏಕೀಕರಣ ಬೇಕಿರಲಿಲ್ಲ, ಅಧಿಕಾರ ಕೈ ತಪ್ಪುತ್ತೆ ಅನ್ನುವ ಭಯ. ಅಂಥದರಲ್ಲಿ ಕೆಂಗಲ್ ಹನುಮಂತಯ್ಯ ತಮ್ಮವರನ್ನೇ ಎದುರು ಹಾಕಿಕೊಂಡು ಪರವಾಗಿ ನಿಂತರು. ಹೊಸ ರಾಜ್ಯಕ್ಕೆ ಅಂತಲೇ ಅಷ್ಟು ದೊಡ್ಡ ವಿಧಾನಸೌಧ ಕಟ್ಟಿದರೇನೋ ಅನ್ನಿಸುತ್ತೆ, ಆದರೆ ಅದು ಮುಗಿಯುವ ಹೊತ್ತಿಗೆ ಅವರೇ ಕುರ್ಚಿಯಲ್ಲಿ ಇರಲಿಲ್ಲ. 1956ರ ಆಗಸ್ಟ್‌ನಲ್ಲಿ ಇಳಿದರು. ಕಡಿದಾಳ್ ಮಂಜಪ್ಪನವರಿಗೆ ಸಿಕ್ಕಿದ್ದು ಎರಡೂವರೆ ತಿಂಗಳು.

ಶಿಗ್ಗಾಂವಿ ಹುಡುಗ
ನಿಜಲಿಂಗಪ್ಪ ಅಂದಿರಿ, ಅದಕ್ಕೇ ಬಂದೆ. ಅವರು ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿದವರು, ಚಿತ್ರದುರ್ಗದಲ್ಲಿ ವಕೀಲರು. ಆದರೆ 1967ರಲ್ಲಿ ಗೆದ್ದದ್ದು ನಮ್ಮ ಶಿಗ್ಗಾಂವಿಯಿಂದ! ಮುಖ್ಯಮಂತ್ರಿ ಆಗಿದ್ದಾಗ ಅವರು ನಮ್ಮ ಶಾಸಕರು. 1968ರಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದರು, ಆಗ ವೀರೇಂದ್ರ ಪಾಟೀಲರು ಬಂದರು. ಆಮೇಲೆ 2008, 2013, 2018, 2023 ನಾಲ್ಕೂ ಸಲ ಬಸವರಾಜ ಬೊಮ್ಮಾಯಿ. 2021ರ ಜುಲೈ 28ಕ್ಕೆ ಅವರು ಮುಖ್ಯಮಂತ್ರಿ ಆದರು. ಒಂದೇ ಕ್ಷೇತ್ರಕ್ಕೆ ಇಬ್ಬರು, 54 ವರ್ಷದ ಅಂತರದಲ್ಲಿ. ಗದಗ ಜಂಕ್ಷನ್ ಅಣ್ಣಾ, ಬೇಕಾದರೆ ಒಬ್ಬರನ್ನು ಸಾಲ ಕೊಡುತ್ತೇವೆ.

ಕುಂದಗೋಳದಾಕೆ
ನಿಜಲಿಂಗಪ್ಪನವರು ಶಿಗ್ಗಾಂವಿಗೆ ಯಾಕೆ ಬಂದರು ಅಂತ ಯಾರಾದರೂ ಹೇಳುತ್ತೀರಾ? ಚಿತ್ರದುರ್ಗದವರು ಇಷ್ಟು ದೂರ?

ಕರಿಕೋಟು, ಹುಬ್ಬಳ್ಳಿ
ಅಕ್ಕಾ, ಅದಕ್ಕೆ ಹಿಂದಿನ ಕತೆ ಇದೆ. 1962ರಲ್ಲಿ ಕಾಂಗ್ರೆಸ್ಸು ಗೆದ್ದಿತು, ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಸೋತರು. ಸೇನೆ ಗೆದ್ದಿದೆ, ಸೇನಾಪತಿ ಬಿದ್ದಿದ್ದಾನೆ. ಆಗ ಎಸ್.ಆರ್. ಕಂಠಿಯವರನ್ನು ಮುಖ್ಯಮಂತ್ರಿ ಮಾಡಿದರು. ಅವರು ಅದಕ್ಕೆ ಮುಂಚೆ ವಿಧಾನಸಭೆಯ ಸ್ಪೀಕರ್, ಹುನಗುಂದ ಕಡೆಯವರು. 1962ರ ಮಾರ್ಚ್ 14ರಿಂದ ಜೂನ್ 20. ನಿಜಲಿಂಗಪ್ಪನವರು ಬಾಗಲಕೋಟೆಯಲ್ಲಿ ಉಪಚುನಾವಣೆ ಗೆದ್ದು ಬಂದರು, ಕಂಠಿಯವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಷ್ಟೇ! ಹಟ ಇಲ್ಲ, ರೆಸಾರ್ಟ್ ಇಲ್ಲ, ಬಸ್ಸಿನಲ್ಲಿ ಶಾಸಕರನ್ನು ತುಂಬಿಕೊಂಡು ಓಡಾಡಿದ್ದಿಲ್ಲ. ಈಗಿನವರಿಗೆ ಹೇಳಿದರೆ ನಂಬಲ್ಲ. ಕುರ್ಚಿಯ ಮೇಲೆ ವಸ್ತ್ರ ಹಾಕಿ ಜಾಗ ಹಿಡಿಯುತ್ತಾರಲ್ಲ, ಬಸ್ಸಿನಲ್ಲಿ, ಆ ವಸ್ತ್ರದ ಕೆಲಸ ಮಾಡಿದವರು ಅಂತ ಕೆಲವರು ಕಂಠಿಯವರನ್ನು ಹಗುರ ಮಾಡುತ್ತಾರೆ. ನನಗೆ ಹಾಗೆ ಕಾಣಲ್ಲ. ಕೊಟ್ಟ ಮಾತಿಗೆ ಎದ್ದು ಹೋಗುವುದೂ ಒಂದು ಗುಣ. ಒಟ್ಟಿನಲ್ಲಿ ಬಾಗಲಕೋಟೆ, ಶಿಗ್ಗಾಂವಿ ಅಂತ ನಮ್ಮ ಕಡೆಯ ಸೀಟುಗಳು ಆಗ ಅವರನ್ನು ಕಾಪಾಡಿದವು.

ನವಲಗುಂದ ಎರೆಹೊಲ
ಯಾರು ಎಲ್ಲಿಂದ ಗೆದ್ದರು ಅನ್ನುವುದಕ್ಕಿಂತ ಅವರ ಕಾಲದಲ್ಲಿ ನಮಗೆ ಏನಾಯಿತು ಅಂತ ಯಾರೂ ಬರೆಯುತ್ತಿಲ್ಲ. 1980ರಲ್ಲಿ ಮುಖ್ಯಮಂತ್ರಿ ಆಗಿದ್ದ ಗುಂಡೂರಾವ್ ಹೆಸರು ಕೇಳಿದರೆ ನಮ್ಮೂರಲ್ಲಿ ಈಗಲೂ ಮುಖ ಗಂಟಾಗುತ್ತೆ. 1980ರ ಜುಲೈ 21. ಮಲಪ್ರಭಾ ಕಾಲುವೆ ಬಂತು ಅಂತ ಅಭಿವೃದ್ಧಿ ಕರ ಹಾಕಿದರು. ನೀರು ಬಾರದ ಹೊಲಕ್ಕೂ ಕರ. ಕಾಲುವೆ ಒಡೆದು ಎರೆಭೂಮಿಯಲ್ಲಿ ನೀರು ನಿಂತು ಜವಳು ಹತ್ತಿದ ಹೊಲಕ್ಕೂ ಕರ. ಅಪ್ಪ ಹೇಳುತ್ತಿದ್ದ, ಹತ್ತಿ ಬೆಳೆಯುವ ನೆಲದಲ್ಲಿ ಕಾಲಿಟ್ಟರೆ ಮೊಳಕಾಲ ತನಕ ಹುಗಿಯುತ್ತಿತ್ತು, ಎತ್ತು ಒಳಗೆ ಬರಲು ಒಲ್ಲೆ ಅನ್ನುತ್ತಿದ್ದವು, ಮೇಲೆ ನೋಟೀಸು ಬಂತು ಅಂತ. ಜನ ಮಾಮಲೇದಾರ ಕಚೇರಿ ಮುಂದೆ ಸೇರಿದರು. ನವಲಗುಂದ, ನರಗುಂದ ಎರಡೂ ಕಡೆ ಗುಂಡು ಹಾರಿತು. ರೈತರು ಸತ್ತರು, ನರಗುಂದದಲ್ಲಿ ಪೊಲೀಸರೂ ಸತ್ತರು. ಈಗಲೂ ಪ್ರತಿ ವರ್ಷ ಜುಲೈ 21ಕ್ಕೆ ವೀರಗಲ್ಲಿಗೆ ಹಾರ ಹಾಕುತ್ತೇವೆ. ಅಲ್ಲಿ ಹೊತ್ತಿದ ಬೆಂಕಿ ರಾಜ್ಯದ ತುಂಬ ಹರಡಿತು, ರೈತ ಸಂಘ ಬೆಳೆಯಿತು. 1982ರಲ್ಲಿ ಗೋಕಾಕ್ ಚಳವಳಿಯೂ ಸೇರಿಕೊಂಡಿತು. 1983ರ ಜನವರಿಯಲ್ಲಿ ಕಾಂಗ್ರೆಸ್ಸು ಮೊದಲ ಸಲ ಅಧಿಕಾರ ಕಳೆದುಕೊಂಡು ರಾಮಕೃಷ್ಣ ಹೆಗಡೆ ಬಂದರು. ನಿಮ್ಮ ಮಾಕ್ ಟೆಸ್ಟಿನಲ್ಲಿ "ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಯಾರು" ಅಂತ ಕೇಳುತ್ತಾರಲ್ಲ, ಆ ಉತ್ತರದ ಕೆಳಗೆ ನಮ್ಮೂರಿನ ರಕ್ತ ಇದೆ.

ಸಪ್ತಾಪುರ ರೂಮ್ 6
ಅಣ್ಣಾ, ಎರಡು ಸಲ ಓದಿದೆ. ನೋಟ್ಸ್‌ನಲ್ಲಿ ಇದು "1980 - ನರಗುಂದ ಬಂಡಾಯ" ಅಂತ ಒಂದೇ ಸಾಲು ಇದೆ, ಅದರ ಮೇಲಿನ ಸಾಲು 1858ರ ನರಗುಂದ ಬಂಡಾಯ. ಎರಡನ್ನೂ ಗುಲಾಬಿ ಬಣ್ಣದ ಪೆನ್ನಿನಿಂದ ಗೆರೆ ಎಳೆದಿದ್ದೆ, ಅಷ್ಟೇ.

ದುರ್ಗದಬೈಲ್ ಗಿರಮಿಟ್
ಹೆಗಡೆಯವರ ಹೆಸರು ಬಂತು. ಒಂದು ಜಗಳ ಹಚ್ಚಲಾ? ಮುಂಬೈ ಕರ್ನಾಟಕಕ್ಕೆ, ಅಂದರೆ 1956ರ ತನಕ ಮುಂಬೈ ಕೈಯಲ್ಲಿದ್ದ ನಮ್ಮ ಕಡೆಗೆ, ಎಷ್ಟು ಮುಖ್ಯಮಂತ್ರಿ ಸ್ಥಾನ ಸಿಕ್ಕಿತು ಅಂತ ಲೆಕ್ಕ ಮಾಡಿದೆ. 1947ರಿಂದ 2023ರಲ್ಲಿ ಸಿದ್ದರಾಮಯ್ಯ ಎರಡನೇ ಸಲ ಬರುವ ತನಕ ಕುರ್ಚಿಯಲ್ಲಿ ಕೂತವರು ಒಟ್ಟು 23 ಮಂದಿ, ಎರಡು ಮೂರು ಸಲ ಕೂತವರನ್ನೂ ಒಮ್ಮೆ ಮಾತ್ರ ಎಣಿಸಿದ್ದೇನೆ. ಅದರಲ್ಲಿ ನಮ್ಮವರು ಜತ್ತಿ, ಕಂಠಿ, ಎಸ್.ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ, ಬಸವರಾಜ ಬೊಮ್ಮಾಯಿ. ಐದು. ಐವರ ಅವಧಿ ಕೂಡಿಸಿದರೆ ಏಳು ವರ್ಷ, ಮೇಲೆ ನಾಲ್ಕೈದು ತಿಂಗಳು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜತ್ತಿಯವರದೇ. ಒಬ್ಬರೂ ಐದು ವರ್ಷ ಪೂರ್ತಿ ಕೂರಲಿಲ್ಲ. ಈಗ ಹೇಳಿ, ಹೆಗಡೆಯವರನ್ನು ಸೇರಿಸಬೇಕಾ ಬೇಡವಾ?

ಗದಗ ಜಂಕ್ಷನ್
ಬೇಡ. ಹೆಗಡೆ ಸಿದ್ದಾಪುರದವರು, ಮಲೆನಾಡು. ಮುಖ್ಯಮಂತ್ರಿ ಆದಮೇಲೆ ಗೆದ್ದದ್ದು ಕನಕಪುರದಲ್ಲಿ, ಆಮೇಲೆ ಬೆಂಗಳೂರಿನ ಬಸವನಗುಡಿ. ಅವರು ನಮ್ಮವರು ಹೇಗೆ?

ನಿವೃತ್ತ ಮಾಸ್ತರ, ಕಲಘಟಗಿ
ಹೇಗೆ ಅಂದರೆ ಹೀಗೆ. ಉತ್ತರ ಕನ್ನಡ 1956ರ ತನಕ ಮುಂಬೈ ರಾಜ್ಯದಲ್ಲೇ ಇತ್ತು. ಕಲಘಟಗಿಯಲ್ಲಿ ನಿಂತು ಯಲ್ಲಾಪುರದ ಕಡೆ ನೋಡಿದರೆ ನಡುವೆ ಯಾವ ಗೋಡೆಯೂ ಕಾಣಲ್ಲ. ಅವರನ್ನು ಸೇರಿಸಿದರೆ ಆರು ಮಂದಿ, ಅವಧಿ ಹದಿಮೂರು ವರ್ಷದ ಹತ್ತಿರ ಬರುತ್ತೆ. ಮುಂಬೈ ಕರ್ನಾಟಕ ಅನ್ನುವುದು ರುಚಿಯ ಪ್ರಶ್ನೆ ಅಲ್ಲ, ರೊಟ್ಟಿ ತಿಂದರೆ ಒಳಗೆ, ಅನ್ನ ತಿಂದರೆ ಹೊರಗೆ ಅನ್ನೋಕೆ. ಅದು ಆಡಳಿತದ ಗೆರೆ.

ಗದಗ ಜಂಕ್ಷನ್
ಗೆರೆ ಕಾಗದದ್ದು ಮಾಸ್ತರ್ರೇ. ಅನ್ಯಾಯ ಆಗಿದೆ ಅಂತ ಹೇಳಬೇಕಾದಾಗ ಐದು ಅಂತೀರಿ, ಹೆಮ್ಮೆ ಪಡಬೇಕಾದಾಗ ಆರು ಅಂತೀರಿ. ಯಾವುದಾದರೂ ಒಂದು ಹಿಡಿಯಿರಿ.

ನಿವೃತ್ತ ಮಾಸ್ತರ, ಕಲಘಟಗಿ
ನಾನು ಆರೇ ಅನ್ನುವುದು. ಐದು ಅಂದವರು ಗಿರಮಿಟ್.

ಕರಿಕೋಟು, ಹುಬ್ಬಳ್ಳಿ
ಎಸ್.ಆರ್. ಬೊಮ್ಮಾಯಿ ಅವರ ಎಂಟು ತಿಂಗಳನ್ನು ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗಿಬಿಟ್ಟಿರಿ. ಅಲ್ಲಿ ಸ್ವಲ್ಪ ನಿಲ್ಲಬೇಕು.

ಸವಣೂರು ಹತ್ತಿರದ ಕಾರಡಗಿಯವರು, ಹುಬ್ಬಳ್ಳಿಯಲ್ಲಿ ವಕೀಲರು, ಹುಬ್ಬಳ್ಳಿ ಗ್ರಾಮೀಣದ ಶಾಸಕರು. ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ಕ್ಕೆ ಮುಖ್ಯಮಂತ್ರಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂದೆ ತೆಗೆದುಕೊಂಡಿದ್ದಾರೆ ಅಂತ ರಾಜ್ಯಪಾಲರಿಗೆ ಪತ್ರ ಹೋಯಿತು. ಮಾರನೆಯ ದಿನ ಅದರಲ್ಲೇ ಏಳು ಮಂದಿ, ನಮ್ಮ ಸಹಿ ತಪ್ಪು ಹೇಳಿ ತೆಗೆದುಕೊಂಡರು, ನಾವು ಸರಕಾರದ ಜೊತೆಗೇ ಇದ್ದೇವೆ ಅಂತ ಬರೆದು ಕೊಟ್ಟರು. ಬೊಮ್ಮಾಯಿ ಹೇಳಿದ್ದು ಇಷ್ಟೇ: ಏಪ್ರಿಲ್ 27ಕ್ಕೆ ಅಧಿವೇಶನ ಕರೆಯುತ್ತೇನೆ, ಬಲ ಇದೆಯೋ ಇಲ್ಲವೋ ಸದನದಲ್ಲೇ ನೋಡಿ. ರಾಜ್ಯಪಾಲ ವೆಂಕಟಸುಬ್ಬಯ್ಯ ಅದಕ್ಕೆ ಕಾಯಲಿಲ್ಲ. ದೆಹಲಿಗೆ ವರದಿ ಹೋಯಿತು, 21ಕ್ಕೆ ಸರಕಾರ ವಜಾ.

ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ, ಒಂಬತ್ತು ನ್ಯಾಯಾಧೀಶರ ಪೀಠ. ಬಹುಮತ ಅಳೆಯುವ ಜಾಗ ರಾಜಭವನ ಅಲ್ಲ, ವಿಧಾನಸಭೆಯೇ ಅಂತ. ರಾಷ್ಟ್ರಪತಿ ಆಡಳಿತ ಹೇರಿದರೆ ಕೋರ್ಟು ಅದನ್ನು ಪರಿಶೀಲಿಸಬಹುದು ಅಂತ. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಆಗಿ, ವೀರೇಂದ್ರ ಪಾಟೀಲರು ಬಂದು ಹೋಗಿ, ಬಂಗಾರಪ್ಪ ಬಂದು ಹೋಗಿ, ಮೊಯ್ಲಿ ಕೂತಿದ್ದರು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಆಮೇಲೆ ಯಾವ ರಾಜ್ಯದಲ್ಲಿ ಸರಕಾರ ಅಲುಗಾಡಿದರೂ, ಟಿವಿಯಲ್ಲಿ ವಕೀಲರ ಬಾಯಿಂದ ಬರುವ ಮೊದಲ ಹೆಸರು ಬೊಮ್ಮಾಯಿ ಪ್ರಕರಣ. ನಾನು ಕಾಲೇಜಿನಲ್ಲಿದ್ದಾಗ ದೆಹಲಿಯ ಕಡೆಯ ಗೆಳೆಯನೊಬ್ಬ ಅದನ್ನು "ಬೊಂಬಾಯಿ ಕೇಸ್" ಅಂತ ತಿಳಿದುಕೊಂಡಿದ್ದ, ಮುಂಬೈ ಊರಿನ ಕೇಸು ಅಂತ! ಅಲ್ಲಪ್ಪಾ, ಅದು ನಮ್ಮ ಹುಬ್ಬಳ್ಳಿ ವಕೀಲರ ಮನೆತನದ ಹೆಸರು ಅಂತ ಹೇಳಿದೆ.

ಶಿಗ್ಗಾಂವಿ ಹುಡುಗ
ಅದೇ ಹುಬ್ಬಳ್ಳಿ ಗ್ರಾಮೀಣದಲ್ಲಿ 1994ರ ಚುನಾವಣೆ ನೆನಪಿದೆಯಾ ಯಾರಿಗಾದರೂ? ಬಸವರಾಜ ಬೊಮ್ಮಾಯಿ ಅಪ್ಪನ ಕ್ಷೇತ್ರದಲ್ಲಿ ನಿಂತರು, ಎದುರಿಗೆ ಬಿಜೆಪಿಯಿಂದ ಜಗದೀಶ ಶೆಟ್ಟರ. ಶೆಟ್ಟರ ಗೆದ್ದರು. ಆಮೇಲೆ 2012ರಲ್ಲಿ ಶೆಟ್ಟರ ಮುಖ್ಯಮಂತ್ರಿ, 2021ರಲ್ಲಿ ಬೊಮ್ಮಾಯಿ ಮುಖ್ಯಮಂತ್ರಿ, ಇಬ್ಬರೂ ಒಂದೇ ಪಕ್ಷದಿಂದ. ಒಂದು ಸೀಟಿಗೆ ಜಗಳ ಆಡಿದ ಇಬ್ಬರು ಹುಬ್ಬಳ್ಳಿಯವರು ಇಬ್ಬರೂ ಮುಖ್ಯಮಂತ್ರಿ ಆಗುವುದು ಅಂದರೆ ಸಣ್ಣ ಮಾತಾ?

ದುರ್ಗದಬೈಲ್ ಗಿರಮಿಟ್
ನೆನಪಿದೆ ಅಂದರೆ ನನ್ನ ವಯಸ್ಸು ಗೊತ್ತಾಗುತ್ತೆ. ಆಗ ಸೈಕಲ್ ಮೇಲೆ ಬಾವುಟ ಕಟ್ಟಿಕೊಂಡು ಹೋದರೆ ಎರಡೂ ಪಾರ್ಟಿಯವರು ಚಹಾ ಕುಡಿಸುತ್ತಿದ್ದರು. ಬೆಳಗ್ಗೆ ಒಂದು ಬಾವುಟ, ಸಂಜೆ ಇನ್ನೊಂದು.

ಶೆಟ್ಟರ ವಿಷಯದಲ್ಲಿ ಒಂದು ಗಮನಿಸಿ, ಕಂಠಿಯವರ ಹಾಗೆ ಅವರೂ ಮೊದಲು ಸ್ಪೀಕರ್ ಆಗಿ ಆಮೇಲೆ ಮುಖ್ಯಮಂತ್ರಿ ಆದವರು. ಹತ್ತು ತಿಂಗಳು ಸಿಕ್ಕಿತು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ಕ್ಕೆ ಉದ್ಘಾಟನೆ ಆದಾಗ ಕುರ್ಚಿಯಲ್ಲಿ ಇದ್ದದ್ದು ಅವರೇ.

ಮೈಸೂರಿನವ, ಈಗ ವಿದ್ಯಾನಗರ
ನಿಮ್ಮವರು ಪೂರ್ತಿ ಅವಧಿ ಕೂರಲಿಲ್ಲ ಅಂತ ಬೇಸರ ಯಾಕೆ, ಎಲ್ಲರದೂ ಅದೇ ಪಾಡು. ಯಡಿಯೂರಪ್ಪ ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು, 2007ರಲ್ಲಿ ಒಂದು ವಾರ, 2018ರಲ್ಲಿ ಮೂರು ದಿನಕ್ಕೂ ಕಡಿಮೆ. ಐದು ವರ್ಷ ಒಂದೇ ಉಸಿರಿಗೆ ಕೂತವರು ನಿಜಲಿಂಗಪ್ಪ, ಅರಸು, 2013ರಿಂದ ಸಿದ್ದರಾಮಯ್ಯ. ಬೆರಳು ಮಿಕ್ಕುತ್ತವೆ. ಎಸ್.ಎಂ. ಕೃಷ್ಣ ಹತ್ತಿರ ಬಂದು ಬೇಗ ಚುನಾವಣೆ ಮಾಡಿಸಿ ಸೋತರು.

ಗದಗಿನವರಿಗೆ ಇನ್ನೊಂದು ಸಮಾಧಾನ. ನಿಮಗೆ ಮುಖ್ಯಮಂತ್ರಿ ಸಿಗಲಿಲ್ಲ, ಜಿಲ್ಲೆಯಾದರೂ ಸಿಕ್ಕಿತಲ್ಲ. 1997ರಲ್ಲಿ ಜೆ.ಎಚ್. ಪಟೇಲರು ಧಾರವಾಡವನ್ನು ಒಡೆದು ಗದಗ, ಹಾವೇರಿ ಮಾಡಿದರು.

ಗದಗ ಜಂಕ್ಷನ್
ಅದು ನಿಜ. ಅದಕ್ಕೆ ಮುಂಚೆ ಒಂದು ಸಹಿಗೆ ಧಾರವಾಡಕ್ಕೆ ಹೋಗಿ, "ಸಾಹೇಬರು ಊಟಕ್ಕೆ ಹೋಗಿದ್ದಾರೆ" ಅಂತ ಕೇಳಿಸಿಕೊಂಡು ಬರುತ್ತಿದ್ದೆವು. ಈಗ ಊರಲ್ಲೇ ಕೇಳಿಸಿಕೊಳ್ಳುತ್ತೇವೆ.

ನಿವೃತ್ತ ಮಾಸ್ತರ, ಕಲಘಟಗಿ
ಮುಂಬೈ ಕಾಲದ್ದು ಎಲ್ಲ ಕೆಟ್ಟದ್ದು ಅಂತ ಮಾಡಬೇಡಿ ಮತ್ತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಾಯ್ದೆ ಆದದ್ದು 1949ರಲ್ಲಿ, ಖೇರರ ಸರಕಾರದಲ್ಲಿ. ಮೊದಲು ಮುಂಬೈಯಲ್ಲೇ ಶುರುವಾಗಿ ಮರುವರ್ಷ ಇಲ್ಲಿಗೆ ಬಂತು. 1948ರ ಗೇಣಿ ಕಾಯ್ದೆಯೂ ಅವರದೇ ಕಾಲದ್ದು, ಮೊರಾರ್ಜಿ ಆಗ ಅವರ ಮಂತ್ರಿಮಂಡಲದಲ್ಲಿದ್ದರು. ಮಾತಿನಲ್ಲಂತೂ ಮುಂಬೈ ಇನ್ನೂ ಹೋಗಿಲ್ಲ. ನವಲಗುಂದದ ತಮ್ಮ ಮೇಲೆ ಬರೆಯುತ್ತ "ಮಾಮಲೇದಾರ ಕಚೇರಿ" ಅಂದ, ಬೋರ್ಡಿನ ಮೇಲೆ ತಹಶೀಲ್ದಾರ ಅಂತ ಬರೆದು ಎಷ್ಟೋ ದಶಕ ಆಯಿತು. ಪಹಣಿಗೆ ಉತಾರ ಅನ್ನುತ್ತೇವೆ, ಎಸಿಗೆ ಪ್ರಾಂತ ಸಾಹೇಬ, ಗ್ರಾಮಲೆಕ್ಕಿಗನಿಗೆ ನಮ್ಮ ಓಣಿಯ ಮುದುಕರು ತಲಾಠಿ ಅನ್ನುತ್ತಾರೆ. ಖೇರರನ್ನು ಮರೆತ ಬಾಯಿ ಅವರ ಕಚೇರಿಯ ಮಾತು ಮಾತ್ರ ಬಿಟ್ಟಿಲ್ಲ.

ಮೈಸೂರಿನವ, ಈಗ ವಿದ್ಯಾನಗರ
ಹೌದು! ನಾನು ಬಂದ ಹೊಸತರಲ್ಲಿ ಮನೆ ಓನರ್ "ಉತಾರ ತಗೊಂಡು ಬರ್ರಿ" ಅಂದರೆ ಔತಣಕ್ಕೆ ಏನೋ ಅಡುಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಸಪ್ತಾಪುರ ರೂಮ್ 6
ಎಲ್ಲರಿಗೂ ಧನ್ಯವಾದ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದ್ದೇನೆ. ಎಡಕ್ಕೆ ಪುಸ್ತಕದ ಪಟ್ಟಿ: ರೆಡ್ಡಿ, ಹನುಮಂತಯ್ಯ, ಮಂಜಪ್ಪ. ಬಲಕ್ಕೆ ಬ್ಯಾಡಗಿಯ ಪಟ್ಟಿ: ಕೂಪರ್, ಖೇರ, ಗವರ್ನರ್, ಮತ್ತೆ ಖೇರ, ಮೊರಾರ್ಜಿ. ನಿಜಲಿಂಗಪ್ಪ ಬಂದಲ್ಲಿ ಎರಡೂ ಕಾಲಂ ಕೂಡುತ್ತವೆ. ಇವತ್ತು ಸರ್‌ಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ, ಆದರೆ ಬಲಗಡೆಯದ್ದು ಸಿಲಬಸ್ಸಿನಲ್ಲಿ ಇಲ್ಲ" ಅಂದರು. ಮುಂದಿನ ಭಾನುವಾರ ಅದೇ ಪ್ರಶ್ನೆ ಬಂದರೆ ರೆಡ್ಡಿ ಅಂತಲೇ ತುಂಬುತ್ತೇನೆ ಮಾಸ್ತರ್ರೇ, ಬೈಯಬೇಡಿ. ಮನೆಯಲ್ಲಿ ಇದು ಕೊನೆಯ ವರ್ಷ ಅಂತ ಹೇಳಿದ್ದಾರೆ.

ನಿವೃತ್ತ ಮಾಸ್ತರ, ಕಲಘಟಗಿ
ತುಂಬು ಮಗಾ, ನೌಕರಿ ಹಿಡಿ. ಪಿಡಿಓ ಆಗಿ ಬಾ, ಆಮೇಲೆ ಬಲಗಡೆಯ ಕಾಲಂ ನಿನ್ನ ಪಂಚಾಯಿತಿಯ ಗೋಡೆಯ ಮೇಲೆ ಬರೆಸೋಣ.

ಕುಂದಗೋಳದಾಕೆ
ಅದಕ್ಕೆ ಮೂರನೇ ಕಾಲಂ ಹಾಕಿ, ಜಮಖಂಡಿ ಬಿಡಬೇಡಿ. ನಿನ್ನೆ ಈ ಚರ್ಚೆ ಓದಿ ಅಟ್ಟ ಹತ್ತಿ ಅಜ್ಜಿಯ ಹಿತ್ತಾಳೆ ಡಬ್ಬಿ ಇಳಿಸಿದೆ. ಎರಡು ಕಂದಾಯದ ಪಾವತಿ ಸಿಕ್ಕವು, ಮೋಡಿ ಅಕ್ಷರ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ನನಗೆ ಒಂದು ಗೆರೆಯೂ ಓದೋಕೆ ಬರಲ್ಲ. ಇಲ್ಲಿ ಯಾರಿಗಾದರೂ ಮೋಡಿ ಬರುತ್ತಾ?